ಹನ್ನೊಂದು ಪುಟದ ನಿಯಮಾವಳಿ

ಸುಮನಾ (ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ) ನನ್ನಲ್ಲಿಗೆ ಬಂದದ್ದು ರಾತ್ರಿ ನಿದ್ರೆ ಬರುವುದಿಲ್ಲ ಎಂದು ಹೇಳಿಕೊಂಡು. ವಯಸ್ಸು 26. ಎರಡು ವರ್ಷಗಳಿಂದ ಡಿಸ್ಕಾರ್ಡ್ ಎಂಬ ಆನ್‌ಲೈನ್ ಹರಟೆ ತಾಣದಲ್ಲಿ ಆರು ಮಂದಿಯ ಗುಂಪು ಕಟ್ಟಿಕೊಂಡು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುತ್ತಿದ್ದರು. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ. ಉಳಿದ ಲೋಕವನ್ನೆಲ್ಲ ಆಟ ನಡೆಸುವವರೇ ಹೊರಬೇಕು. ಇವರದು ಬರೆದು ಆಡುವ ಕ್ರಮ. ಊಟವಾದ ಮೇಲೆ ಒಬ್ಬರ ಸಾಲಿಗೆ ಇನ್ನೊಬ್ಬರು ಸಾಲು ಸೇರಿಸುತ್ತಾ ಕಥೆ ಬೆಳೆಯುತ್ತಿತ್ತು.

ಕುಳಿತ ಸ್ವಲ್ಪ ಹೊತ್ತಿಗೇ ಮೊಬೈಲ್ ತೆಗೆದು ಗುಂಪಿನ ನಿಯಮಾವಳಿ ತೋರಿಸಿದರು. ಮೊದಲು ಅರ್ಧ ಪುಟವಿದ್ದದ್ದು ಈಗ 11 ಪುಟ. ಎಷ್ಟು ಸಾಲು ಬರೆಯಬೇಕು, ಎಷ್ಟು ಗಂಟೆಯೊಳಗೆ ಉತ್ತರಿಸಬೇಕು, ಪಾತ್ರದ ಹೆಸರು ಹೇಗಿರಬೇಕು, ಎಲ್ಲಕ್ಕೂ ಕಟ್ಟುಪಾಡು. ಇಬ್ಬರು ಗುಂಪು ಬಿಟ್ಟಿದ್ದರು. "ಸಡಿಲ ಬಿಟ್ಟರೆ ಕಥೆ ಕೆಡುತ್ತದೆ, ಬಿಗಿ ಮಾಡಿದರೆ ಜನ ಹೋಗುತ್ತಾರೆ" ಎಂದು ಕಣ್ಣೊರೆಸಿಕೊಂಡರು.

ಒಂದೊಂದೇ ನಿಯಮವನ್ನು ಓದಿಸಿ, ಇದು ಸೇರಿದ್ದು ಯಾವಾಗ ಎಂದು ಕೇಳುತ್ತಾ ಹೋದೆ. ಏಳನೆಯದಕ್ಕೆ ಬಂದಾಗ ದನಿ ನಡುಗಿತು. ಅಜ್ಜಿ ತೀರಿಕೊಂಡ ವರ್ಷ ಸುಮನಾ ಕಥೆಯೊಳಗೆ ಒಬ್ಬ ಮುದುಕಿಯನ್ನು ತಂದಿದ್ದರು. ನಾರುಬೇರಿನ ಔಷಧಿ ಕೊಡುವವಳು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಬಂದವರಿಗೆಲ್ಲ "ಉಂಡು ಹೋಗು" ಎನ್ನುವವಳು. ಒಂದು ರಾತ್ರಿ ಗುಂಪಿನ ಹುಡುಗನೊಬ್ಬ, ಫಲ ತೀರ್ಮಾನಿಸುವ ದಾಳವನ್ನೂ ಉರುಳಿಸದೆ, ಗುಡಿಸಲಿಗೆ ಬೆಂಕಿ ಬಿದ್ದು ಮುದುಕಿ ಸತ್ತಳೆಂದು ಬರೆದುಬಿಟ್ಟ. ಸುಮನಾ ಅವನಿಗೆ ಏನೂ ಹೇಳಲಿಲ್ಲ. ಆ ತಿಂಗಳು ನಿಯಮಾವಳಿಗೆ ನಾಲ್ಕು ಪುಟ ಸೇರಿತು.

ಅವನೊಬ್ಬನಿಗೆ ಹೇಳಬೇಕಿದ್ದ ಒಂದು ಮಾತನ್ನು ಆರು ಜನರಿಗೂ ಕಾನೂನಾಗಿ ಹೇರಿದ್ದೀರಿ ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

ಮೊದಲು ಆ ಹುಡುಗನೊಂದಿಗೆ ಖಾಸಗಿಯಾಗಿ ಮಾತಾಡಿ, ಆಮೇಲೆ ನಿಯಮಗಳಿಗೆ ಕೈಹಾಕಿ ಎಂದು ಸಲಹೆ ಕೊಟ್ಟೆ. ಮನುಷ್ಯರನ್ನು ಕಾಯುವ ನಿಯಮಗಳು ಉಳಿಯಲಿ: ಇನ್ನೊಬ್ಬರ ಪಾತ್ರಕ್ಕೆ ಏನಾಯಿತೆಂದು ನಾವು ಬರೆಯಬಾರದು; ನಾವು ಬರೆಯಬೇಕಾದದ್ದು ನಮ್ಮ ಪಾತ್ರದ ಪ್ರಯತ್ನವನ್ನು, ಫಲ ಸಂದೇಹವಾದಲ್ಲಿ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಯಾರಾದರೂ 'ಎಕ್ಸ್' ಎಂದು ಬರೆದರೆ ಕಾರಣ ಕೇಳದೆ ಆ ದೃಶ್ಯವನ್ನು ಬಿಡಬೇಕು. ಈ ಆಟದವರಲ್ಲಿ ಆ ರೂಢಿ ಈಗಾಗಲೇ ಇದೆ. ಹೊಸ ಕಥೆಗೆ ಮುಂಚೆ ಎಲ್ಲರೂ ಒಮ್ಮೆ ಸೇರಿ ಯಾವುದು ಬೇಡ ಎಂದು ಮಾತಾಡಿಕೊಳ್ಳಲಿ. ಸಾಲಿನ ಲೆಕ್ಕ, ಗಂಟೆಯ ಲೆಕ್ಕ ನಿಮ್ಮ ರುಚಿಯವು, ಅವನ್ನು ಧೈರ್ಯವಾಗಿ ಕೈಬಿಡಿ.

ನಾನು ಕರಾವಳಿಯವಳು, ವೇಷ ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆ ಕೇಳುತ್ತಾ ಬೆಳೆದವಳು. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಆ ಕ್ಷಣದ್ದು. ಕರ್ಣ ವಾದದಲ್ಲಿ ಎಷ್ಟೇ ಗೆದ್ದರೂ ಪ್ರಸಂಗದ ಕೊನೆಗೆ ಬೀಳಲೇಬೇಕು, ಆದರೆ ಬೀಳುವ ಮುನ್ನ ಆಡುವ ಮಾತೆಲ್ಲ ಅವನದೇ. ಎದುರಿನವನ ಮಾತನ್ನು ತಾನೇ ಆಡಿಬಿಡುವ ಅರ್ಥಧಾರಿಯನ್ನು ನಾನು ಕಂಡಿಲ್ಲ. ಇದನ್ನು ಹೇಳಿದಾಗ ಸುಮನಾ ಮೊದಲ ಸಲ ನಕ್ಕರು.

ಮೂರು ವಾರದ ನಂತರ ಮತ್ತೆ ಬಂದರು. ನಿಯಮ ಒಂದು ಪುಟಕ್ಕೆ ಇಳಿದಿತ್ತು; ಬಿಟ್ಟು ಹೋದವರಲ್ಲಿ ಒಬ್ಬರು ಮಾತ್ರ ಮರಳಿದ್ದರು. ಆ ಹುಡುಗನಿಗೆ ಅಜ್ಜಿಯ ವಿಷಯ ಗೊತ್ತೇ ಇರಲಿಲ್ಲ. ಕಥೆ ನಿಂತಲ್ಲೇ ನಿಂತಿದೆಯೆಂದು ಬೆಂಕಿ ಹಚ್ಚಿದ್ದನಂತೆ. ಮುದುಕಿಯನ್ನು ಬದುಕಿಸೋಣವೇ ಎಂದು ಅವನು ಕೇಳಿದಾಗ ಸುಮನಾ ಬೇಡವೆಂದರು. ಎರಡು ದಿನ ಬಿಟ್ಟು ಅವನು ಇನ್ನೊಂದು ಕೇಳಿದ: ಬೂದಿ ಕೆದಕುವಾಗ ನನ್ನ ಪಾತ್ರಕ್ಕೆ ಆ ಬೀಗದ ಕೈಗಳು ಸಿಕ್ಕವು ಎಂದು ಬರೆಯಲೇ?

ಸುಮನಾ ಬರೆ ಎಂದರಂತೆ.