ಕ್ರೀಡಾ ಪ್ರಶ್ನೋತ್ತರ: ಆಫ್‌ಸೈಡ್ ಬಲೆಯ ಬೆಲ್‌ಫಾಸ್ಟ್ ಬ್ಯಾಕ್

ಪ್ರಶ್ನೆ: ನಮ್ಮ ಕಡೆಯ ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಪಂದ್ಯಗಳಲ್ಲಿ ಆಫ್‌ಸೈಡ್ ಇಲ್ಲ. ಹನ್ನೊಂದು ಜನರ ಆಟಕ್ಕೆ ಇಳಿದರೆ ನನಗೆ ಬರೀ ಆಫ್‌ಸೈಡ್! ಹಿಂದೆ ಈ ನಿಯಮ ಇನ್ನೂ ಬಿಗಿಯಾಗಿತ್ತು, ಒಬ್ಬ ಐರಿಷ್ ಆಟಗಾರನ ಕಿತಾಪತಿಯಿಂದ ಸಡಿಲವಾಯಿತು ಎನ್ನುತ್ತಾರೆ ನಮ್ಮ ಕ್ಲಬ್ಬಿನ ಹಿರಿಯರೊಬ್ಬರು. ಹೌದೇ?
– ಒಬ್ಬ ಫಾರ್ವರ್ಡ್, ಕುಂಬಳೆ

ಉತ್ತರ: ನಿಮ್ಮ ಹಿರಿಯರ ಮಾತು ಮುಕ್ಕಾಲು ಪಾಲು ಸರಿ. ಆ ಪುಣ್ಯಾತ್ಮ ಬಿಲ್ ಮೆಕ್‌ಕ್ರಾಕನ್. 1883ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಅಲ್ಲಿನ ಡಿಸ್ಟಿಲರಿ ಕ್ಲಬ್ಬಿಗೆ ಆಡಿ, 1904ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಸೇರಿದ ಬ್ಯಾಕ್, ಅಂದರೆ ಗೋಲಿನ ಮುಂದೆ ನಿಂತು ತಡೆಯುವ ಆಟಗಾರ. ಅವನಿದ್ದಾಗ ಆ ತಂಡ ಮೂರು ಸಲ ಲೀಗ್ ಗೆದ್ದಿತು, 1910ರಲ್ಲಿ ಎಫ್‌ಎ ಕಪ್ಪನ್ನೂ ಎತ್ತಿತು.

ಆಗಿನ ನಿಯಮದಲ್ಲಿ, ಪಾಸ್ ಕೊಡುವ ಹೊತ್ತಿಗೆ ಮುಂದಿರುವ ಫಾರ್ವರ್ಡ್‌ಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕು, ಇಲ್ಲದಿದ್ದರೆ ಆಫ್‌ಸೈಡ್. ಸಾಮಾನ್ಯವಾಗಿ ಗೋಲಿ (ಗೋಲ್‌ಕೀಪರ್) ಮತ್ತು ಇಬ್ಬರು ಬ್ಯಾಕ್‌ಗಳು. ಅವರಲ್ಲೊಬ್ಬ ಸರಿಯಾದ ಕ್ಷಣಕ್ಕೆ ಫಾರ್ವರ್ಡ್‌ನನ್ನು ದಾಟಿ ಮುಂದೆ ಬಂದುಬಿಟ್ಟರೆ ಮುಗಿಯಿತು, ಲೈನ್‌ಮನ್ನನ ಬಾವುಟ ಮೇಲೆ! ಇದೇ ಆಫ್‌ಸೈಡ್ ಬಲೆ. ಲೆಕ್ಕ ತಪ್ಪಿದರೂ ಹಿಂದೆ ಇನ್ನೊಬ್ಬ ಬ್ಯಾಕ್ ಇದ್ದೇ ಇರುತ್ತಾನೆ. ಹೀಗೆ ಮುಂದೆ ಬರುವ ಎರಡು ಹೆಜ್ಜೆಯಲ್ಲಿ ಮೆಕ್‌ಕ್ರಾಕನ್ ಪಳಗಿದವ. ನ್ಯೂಕ್ಯಾಸಲ್ ನಿಲ್ದಾಣದಲ್ಲಿ ಇಳಿದ ಎದುರಾಳಿ ಆಟಗಾರನೊಬ್ಬ ರೈಲಿನ ಗಾರ್ಡ್ ವಿಸಿಲ್ ಊದಿದ್ದು ಕೇಳಿ, ‘ಅಯ್ಯೋ, ಇಷ್ಟು ಬೇಗ ಆಫ್‌ಸೈಡಾ?’ ಎಂದನೆಂಬ ಕತೆಯಿದೆ. ಕಟ್ಟುಕತೆಯೇ ಇರಬೇಕು. ಲೈನ್‌ಮನ್ ಆಗಿ ಬಾವುಟ ಹಿಡಿದ ನನಗಂತೂ ಅದು ಬಹಳ ಇಷ್ಟ. ಬಲೆ ಬೀಸುವವ ಬ್ಯಾಕ್, ಬೈಗುಳ ಮಾತ್ರ ನಮಗೆ.

1925ರಲ್ಲಿ ಮೂವರ ಬದಲು ಇಬ್ಬರು ಸಾಕೆಂದಾಯಿತು. ಹೊಸ ಋತುವಿನ ಮೊದಲ ದಿನವೇ ಆಸ್ಟನ್ ವಿಲ್ಲಾ ಬರ್ನ್‌ಲಿಯನ್ನು 10–0ಯಿಂದ ಬಡಿಯಿತು. ಇಂಗ್ಲೆಂಡಿನ ಆಗಿನ ಅಗ್ರ ಲೀಗ್ ಆದ ಮೊದಲ ಡಿವಿಷನ್‌ನಲ್ಲಿ ಋತುವಿನ ಒಟ್ಟು ಗೋಲು 1192ರಿಂದ 1703ಕ್ಕೆ ಏರಿತು. ಆದರೆ ಮೆಕ್‌ಕ್ರಾಕನ್ 1923ರಲ್ಲೇ ಆಟ ಬಿಟ್ಟು ಹಲ್ ಸಿಟಿಯ ಮ್ಯಾನೇಜರ್ ಆಗಿದ್ದ. ಅಷ್ಟರಲ್ಲಿ ಈ ವಿದ್ಯೆಯನ್ನು ಬೇರೆ ಕ್ಲಬ್ಬುಗಳೂ ಬಳಸುತ್ತಿದ್ದವು. ಎಲ್ಲವನ್ನೂ ಅವನೊಬ್ಬನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ನನಗೆ ಅವನು ಹಿಡಿಸಿದ್ದು ಬೇರೆ ಕಾರಣಕ್ಕೆ. ಐರ್ಲೆಂಡ್ ಪರ ಇಂಗ್ಲೆಂಡ್ ವಿರುದ್ಧ ಆಡುವಾಗ, ಇಂಗ್ಲಿಷ್ ಆಟಗಾರರಿಗೆ ಸಿಗುವಷ್ಟೇ ಸಂಭಾವನೆ ನನಗೂ ಕೊಡಿ ಎಂದ. ಬೆಲ್‌ಫಾಸ್ಟಿನ ಐರಿಷ್ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ, ಇವನೂ ಬಗ್ಗಲಿಲ್ಲ. ವರ್ಷಗಟ್ಟಲೆ ತಂಡದಿಂದ ಹೊರಗುಳಿದ. 1914ರಲ್ಲಿ ಐರ್ಲೆಂಡ್ ಮೊದಲ ಬಾರಿಗೆ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಡುವಿನ ಟೂರ್ನಿ) ಯಾರೊಂದಿಗೂ ಹಂಚಿಕೊಳ್ಳದೆ ಗೆದ್ದಾಗ ಆ ಕಾಲದ ಅತ್ಯುತ್ತಮ ಬ್ಯಾಕ್ ತಂಡದಲ್ಲೇ ಇರಲಿಲ್ಲ! ಮಹಾಯುದ್ಧ ಮುಗಿದ ಮೇಲಷ್ಟೇ ಮತ್ತೆ ಕರೆ ಬಂತು. 1902ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಆಟ 1923ರವರೆಗೆ ನಡೆದರೂ ಪಂದ್ಯಗಳು ಇಪ್ಪತ್ತನ್ನೂ ಮುಟ್ಟಲಿಲ್ಲ.

ಇನ್ನು ನಿಮ್ಮ ಸಮಸ್ಯೆ. ಚೆಂಡನ್ನು ನೋಡುತ್ತ ನಿಲ್ಲಬೇಡಿ, ಗೋಲಿಯ ಮುಂದಿನ ಕೊನೆಯ ಡಿಫೆಂಡರ್ ಮೇಲೆ ಕಣ್ಣಿಡಿ. ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗಿದ ಮೇಲೆಯೇ ಓಡಿ.