ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಅದುರಿದರೆ ಕಾಲು ತೆಗೆಯಬೇಕೇ?

ಹೆದ್ದಾರಿಯಲ್ಲಿ ಹಸು ಅಡ್ಡ ಬಂದಾಗ ಬಲವಾಗಿ ಬ್ರೇಕ್ ಒತ್ತಿದಿರಿ, ಪೆಡಲ್ ಗರಗರನೆ ಅದುರಿದ್ದರಿಂದ ಗಾಬರಿಯಾಗಿ ಕಾಲು ಸಡಿಲಿಸಿದಿರಿ. ಬ್ರೇಕ್ ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ನೀವು ವಿವರಿಸಿರುವುದು ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಉರುಳುವುದು ನಿಂತು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುವಾಗ ಆಗುವ ಸಹಜ ಅದುರಾಟ. ಆ ಕ್ಷಣದಲ್ಲಿ ಕಾಲನ್ನು ತೆಗೆಯಲೇಬಾರದು. ಗಾಡಿ ನಿಲ್ಲುವವರೆಗೂ ಪೂರ್ತಿ ಬಲದಿಂದ ಒತ್ತಿಯೇ ಹಿಡಿದಿರಬೇಕು.

ಪ್ರತಿ ಚಕ್ರದ ಬಳಿಯಿರುವ ಸೆನ್ಸರ್ ಅದರ ವೇಗವನ್ನು ಗಮನಿಸುತ್ತಿರುತ್ತದೆ. ಚಕ್ರ ಇನ್ನೇನು ಲಾಕ್ ಆಗುತ್ತದೆ ಎನ್ನುವಾಗ ಎಬಿಎಸ್ ಆ ಚಕ್ರದ ಬ್ರೇಕ್ ಆಯಿಲ್‌ನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಇಳಿಸಿ ಏರಿಸುತ್ತದೆ, ಆ ಏರಿಳಿತವೇ ನಿಮ್ಮ ಪಾದಕ್ಕೆ ತಟ್ಟುವುದು. ಲಾಕ್ ಆದ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಉರುಳುತ್ತಿರುವ ಚಕ್ರ ಕೇಳುತ್ತದೆ. ಹೀಗಾಗಿ ಬ್ರೇಕ್ ಒತ್ತಿಕೊಂಡೇ ಹಸುವಿನ ಪಕ್ಕದ ಖಾಲಿ ಜಾಗದತ್ತ ಹದವಾಗಿ ತಿರುಗಿಸಬಹುದು. ಆದರೆ ಎದುರಿನ ಲೇನ್‌ಗೆ ನುಗ್ಗುವುದು ಹಸುವಿಗೆ ತಾಗುವುದಕ್ಕಿಂತ ದೊಡ್ಡ ಅಪಾಯ. ಜಲ್ಲಿ, ಮರಳು ಹರಡಿದ ರಸ್ತೆಯಲ್ಲಿ ಎಬಿಎಸ್ ಇದ್ದರೂ ಗಾಡಿ ತುಸು ಹೆಚ್ಚು ದೂರ ಹೋಗಿ ನಿಲ್ಲಬಹುದು.

ಬಿಟ್ಟು ಬಿಟ್ಟು ಒತ್ತಬೇಕೆಂಬ ಡ್ರೈವಿಂಗ್ ಸ್ಕೂಲಿನ ಹಳೆಯ ಪಾಠ ಎಬಿಎಸ್ ಇಲ್ಲದ ಗಾಡಿಗಳಿಗೆ ಸಲ್ಲುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದರೂ ಆ ಪಾಠವನ್ನು ಇಂದಿಗೂ ಹಾಗೆಯೇ ಒಪ್ಪಿಸುವವರಿದ್ದಾರೆ. ಕ್ಲಚ್ಚಿನ ವಿಷಯಕ್ಕೆ ಬಂದರೆ, ಮೊದಲು ಬ್ರೇಕ್, ನಿಲ್ಲುವ ಹೊತ್ತಿಗೆ ಕ್ಲಚ್. ಇಂಜಿನ್ ಆಫ್ ಆದರೂ ಚಿಂತೆಯಿಲ್ಲ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ, ಅಂದರೆ ಹಸುವನ್ನು ಕಂಡು ಕಾಲು ಪೆಡಲಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. 40ರ ವೇಗದಲ್ಲಿ ಈ ಎರಡನೆಯ ದೂರ ಕಾಲು ಭಾಗಕ್ಕೆ ಇಳಿಯುತ್ತದೆ.

ಸೀಟನ್ನು ಮುಂದಕ್ಕೆ ಎಳೆದುಕೊಳ್ಳಿ: ಪೆಡಲನ್ನು ತಳದವರೆಗೆ ಒತ್ತಿದಾಗಲೂ ಮಂಡಿ ತುಸು ಮಡಚಿರಬೇಕು, ಇಲ್ಲವಾದರೆ ಪೂರ್ತಿ ಬಲ ಬೀಳುವುದಿಲ್ಲ. ಕಾಲಬುಡದಲ್ಲಿ ನೀರಿನ ಬಾಟಲಿ ಇಡಬೇಡಿ. ಅದು ಉರುಳಿ ಪೆಡಲಿನಡಿ ಸಿಕ್ಕಿಕೊಂಡರೆ ಎಬಿಎಸ್ ಏನೂ ಮಾಡಲಾರದು. ಖಾಲಿ ಮೈದಾನದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, 40ರ ವೇಗದಿಂದ ಒಮ್ಮೆ ಪೂರ್ತಿ ಒತ್ತಿ ನೋಡಿ. ಆ ಅದುರಾಟ ಪರಿಚಯವಾದರೆ ಮುಂದಿನ ಸಲ ಕಾಲು ತಾನಾಗಿ ಹಿಂದೆ ಸರಿಯದು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಬಿಎಸ್ ದೀಪ ಉರಿದೇ ಇದ್ದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.