ರೇವದಂಡಕ್ಕೂ ಬೀದರಿಗೂ ಕುದುರೆ ನಂಟು

ಬೀದರಿನ ಓದುಗರೊಬ್ಬರು ಬರೆದಿದ್ದಾರೆ: "ಮುಂಬೈಯಲ್ಲಿರುವ ಮಗ ನಮ್ಮನ್ನು ಅಲಿಬಾಗ್ ಹತ್ತಿರದ ರೇವದಂಡಕ್ಕೆ ಕರಕೊಂಡು ಹೋಗಿದ್ದ. ಬೀಚು, ರೆಸಾರ್ಟು, ತೆಂಗಿನ ತೋಟ. ಅಲ್ಲೊಂದು ರಷ್ಯದವನ ಸ್ಮಾರಕ ಇದೆ. ಅವನು ಅಲ್ಲಿಂದ ನಮ್ಮ ಬೀದರಿಗೇ ಬಂದಿದ್ದನಂತೆ! ಅಷ್ಟು ಸಣ್ಣ ಊರಿಗೂ ನಮಗೂ ಎಲ್ಲಿಯ ನಂಟು?"

ಅಕ್ಕಾವರೇ, ನಂಟು ಕುದುರೆಯದು.

ರೇವದಂಡಕ್ಕೆ ಅಂಟಿಕೊಂಡೇ ಚೌಲ್ ಇದೆ ನೋಡಿ, ಅದು ಬೀದರಿನಿಂದ ಆಳಿದ ಬಹಮನಿ ಸುಲ್ತಾನರ ಕಾಲದ ದೊಡ್ಡ ಬಂದರು. ನಮ್ಮ ಕಡೆ ಯುದ್ಧಕ್ಕೆ ಬೇಕಾದಂಥ ಒಳ್ಳೆ ತಳಿಯ ಕುದುರೆ ಹುಟ್ಟೋದು ಕಡಿಮೆ. ಅರಬ್ ಕಡೆಯಿಂದ, ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ಕಡೆಯಿಂದ ಹಡಗಿನಲ್ಲೇ ಬರಬೇಕಿತ್ತು. ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಚೌಲಿನಲ್ಲಿ ಇಳಿದಾಗ ಅವನ ಜೊತೆಗಿದ್ದ ಬಂಡವಾಳವೂ ಒಂದೇ ಒಂದು ಗಂಡು ಕುದುರೆ. ಪುಣೆ ಕಡೆಯ ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಖಾನ ಅದನ್ನು ಕಿತ್ತುಕೊಂಡ, ಧರ್ಮ ಬದಲಿಸಿದರೆ ವಾಪಸ್ ಕೊಡುತ್ತೇನೆ ಅಂದ. ಖುರಾಸಾನಿನವನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಕುದುರೆ ಮಾರಾಟವಾದದ್ದು ನಿಮ್ಮ ಬೀದರಿನಲ್ಲಿ.

ಇಲ್ಲಿಯ ಜನ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ-ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಅಂತ ಬರೆದಿಟ್ಟಿದ್ದಾನೆ. ನಮ್ಮ ಆಳಂದದ ಸಂತೆಯೂ ಅವನ ಬರಹದಲ್ಲಿದೆ. ಶೇಖ್ ಅಲಾವುದ್ದೀನ್ ದರ್ಗಾದ ಹತ್ತಿರ ವರ್ಷಕ್ಕೊಮ್ಮೆ 10 ದಿನ ವ್ಯಾಪಾರ, ಮಾರಾಟಕ್ಕೆ 20,000 ಕುದುರೆ! ಲೆಕ್ಕ ಸ್ವಲ್ಪ ಜಾಸ್ತಿಯೇ ಇರಬಹುದು, ವ್ಯಾಪಾರಿಯ ಬಾಯಿ ಅಲ್ವಾ. ಆದರೂ ಈಗಿನ ಲಾಡ್ಲೆ ಮಶಾಯಕ್ ದರ್ಗಾ ಮುಂದೆ ನಿಂತಾಗ ಇದು ನೆನಪಿರಲಿ. ಬಹಮನಿಗಳ ಪ್ರಧಾನಿ ಮಹಮೂದ್ ಗಾವಾನನೂ ಇರಾನಿನ ಗಿಲಾನ್ ಕಡೆಯಿಂದ ಬಂದು, ಇದೇ ಕರಾವಳಿಯ ದಾಭೋಳದಲ್ಲಿ ಇಳಿದೇ ಬೀದರಿಗೆ ಬಂದವನು. ನಿಕಿತಿನ್ ವಾಪಸ್ ಹಡಗು ಹತ್ತಿದ್ದೂ ದಾಭೋಳದಿಂದಲೇ. ಪಾಪ, ಊರು ಮುಟ್ಟುವ ಮೊದಲೇ ತೀರಿಕೊಂಡ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಪೋರ್ಚುಗೀಸರು ಬಂದರು. ನೀವು ನೋಡಿದ ಕೋಟೆ ಅವರದು, 1521ರಲ್ಲಿ ಶುರುವಾದದ್ದು. 1740ರಲ್ಲಿ ಅದು ಮರಾಠರ ಕೈ ಸೇರಿತು. ಅಷ್ಟರಲ್ಲಿ ಮುಂಬೈ ಬೆಳೆದು ಹಡಗುಗಳೆಲ್ಲ ಆ ಕಡೆ ತಿರುಗಿದ್ದವು. ಬಂದರು ಹೋಯಿತು, ತೆಂಗು-ಅಡಿಕೆ ಉಳಿಯಿತು. ರೆಸಾರ್ಟುಗಳು ತೀರಾ ಈಚಿನವು. ವಾರದ ಕೊನೆಗೆ ಮುಂಬೈ-ಪುಣೆಯವರಿಗೆ ಹತ್ತಿರದ ಸಮುದ್ರ ಬೇಕು, ಅಷ್ಟೇ.

ಮುಂದಿನ ಸಲ ಹೋದರೆ ಬೀಚಿನಲ್ಲೇ ಕೂರಬೇಡಿ. ಕುಂಡಲಿಕಾ ನದಿಯ ಸೇತುವೆ ದಾಟಿದರೆ ಕೊರ್ಲಾಯಿ. ಪೋರ್ಚುಗೀಸ್-ಮರಾಠಿ ಬೆರೆತ ಮಾತನ್ನು ಇವತ್ತಿಗೂ ಮನೆಯಲ್ಲಿ ಆಡುವ ಕ್ರೈಸ್ತ ಕುಟುಂಬಗಳು ಅಲ್ಲಿವೆ. ಮಗನಿಗೆ ಮರಾಠಿ ಬರುತ್ತದಲ್ಲ, ಮಾತಾಡಿಸಲು ಹೇಳಿ.